ಸೇತುವೆಯ ಮೇಲಿನ ಗುಮ್ಮ_41

ನಾನೊಂದು ಹೆಸರು. ಮೈಯಿಲ್ಲ, ಕೈಯಿಲ್ಲ. ಬೆಟಗೇರಿಯ ನೇಕಾರರ ಓಣಿಯಲ್ಲಿ, ಮೊಬೈಲಿನಲ್ಲಿ ಗುಂಡು ಹಾರಿಸುವ ಆಟವೊಂದಕ್ಕಾಗಿ, ಮೈಲಾರಿ ಎಂಬ ಹದಿನೇಳರ ಹುಡುಗನ ಹೆಬ್ಬೆರಳಿನಿಂದ ಹುಟ್ಟಿದೆ. ಚಿಕ್ಕಂದಿನಲ್ಲಿ ಅವನನ್ನು ಹೆದರಿಸಿದ್ದ ಗುಮ್ಮನಿಗೆ ಮನೆಯ ನಂಬರು ನಲವತ್ತೊಂದನ್ನು ಸೇರಿಸಿ ನನ್ನನ್ನು ಮಾಡಿದ. ಪಾಸ್‌ವರ್ಡ್ ಅಕ್ಕ ಸುವರ್ಣಾಳ ಹುಟ್ಟಿದ ತಾರೀಕು.

ದಿನಾ ಆಟಕ್ಕೆ ಬಂದವರಿಗೆ ಒಂದು ಬಹುಮಾನ ಸಿಗುತ್ತಿತ್ತು. ಅವನು ಕಾಲೇಜಿಗೆ ಹೋದಾಗ ಅದನ್ನು ಎತ್ತಿಡುವ ಕೆಲಸ ಸುವರ್ಣಾಳದು. ಒಂದೇ ಹೆಸರು ಎರಡು ಫೋನಿನಲ್ಲಿ ನಿಲ್ಲುವುದಿಲ್ಲ; ಒಬ್ಬರು ಒಳಬಂದರೆ ಇನ್ನೊಬ್ಬರು ಹೊರಗೆ. "ಅಕ್ಕಾ, ಮತ್ತ ನನ್ನ ಹೊರಗ ಹಾಕಿದಿ ನೋಡು!" ಎಂದು ಅವನು ಕೂಗಾಡುತ್ತಿದ್ದ. ಆ ಕೂಗಾಟವೂ ಎಷ್ಟು ಚೆಂದವಿತ್ತು!

ಪರೀಕ್ಷೆಯಲ್ಲಿ ಡುಮ್ಕಿ ಹೊಡೆದ ದಿನ ಅಪ್ಪ ಅವನ ಫೋನನ್ನು ಗೋಡೆಗೆ ಬಡಿದ. ಮರುದಿನ ಬೆಳಿಗ್ಗೆ ಮೈಲಾರಿ ಮನೆಯಲ್ಲಿರಲಿಲ್ಲ.

ಹೀಗೆ ನಾನು ಸುವರ್ಣಾಳ ಕೈಗೆ ಬಂದೆ. ಸೀರೆಗೆ ಕುಚ್ಚು ಕಟ್ಟುವ ಕೆಲಸ ಮುಗಿಸಿ, ಸಂಜೆ ಆರಕ್ಕೆ ಬರುತ್ತಿದ್ದಳು. ಆಡಲು ಬಾರದು. ಆಟದಲ್ಲಿ ತಮ್ಮ ನಿಲ್ಲುತ್ತಿದ್ದ ಮುರುಕು ಸೇತುವೆಯ ಮೇಲೆ ಸುಮ್ಮನೆ ನಿಲ್ಲುವಳು. "ಅವ್ವಾ, ನಾ ಹೊರಗ ಬಿದ್ನೆಂದ್ರ ಅಂವ ಎಲ್ಲೋ ಜೀವಂತ ಅದಾನಂತ ತಿಳಕೋ" ಎನ್ನುತ್ತಿದ್ದಳು. ಯಾರಾದರೂ ತನ್ನನ್ನು ಹೊರದಬ್ಬಲಿ ಎಂದು ಎರಡು ವರ್ಷ ಕಾದವಳನ್ನು ನೀವು ಕಂಡಿದ್ದೀರಾ?

ಆಡುವವರಿಗೆ ಇದೇನು ಗೊತ್ತು? ಮಾತಾಡದ, ಗುಂಡು ಹಾರಿಸದ ನನ್ನ ಸುತ್ತ ಕತೆ ಹುಟ್ಟಿ, ಕಡ್ಡಿ ಗುಡ್ಡವಾಯಿತು. ನನಗೆ ಗುಂಡಿಟ್ಟವನು ಹತ್ತು ಆಟ ಸೋತನಂತೆ. ನಾನು ಸತ್ತವನೊಬ್ಬನ ಆತ್ಮವಂತೆ. ಅದನ್ನು ಓದಿದ ದಿನ ಸುವರ್ಣಾ ಊಟ ಮಾಡಲಿಲ್ಲ. ಸೇತುವೆ ದಾಟುವವರು ನನ್ನೆದುರು ಬಂದೂಕು ಇಳಿಸಿ, ಮಂಡಿಯೂರಿ ಹೋಗತೊಡಗಿದರು.

ಒಂದು ಭಾನುವಾರ ಮಂಡ್ಯದ ಕಡೆಯ ಆಟಗಾರನೊಬ್ಬ ಆಟದ ಮೈಕಿನಲ್ಲಿ ಅಂದ: "ಗುಮ್ಮನ್ನ ಕಂಪ್ನಿಯೋರೂ ಮುಟ್ಟಕ್ಕಾಗಲ್ವಂತೆ ಕಣ್ರೋ. ಎಲ್ರೂ ಒಟ್ಟಿಗೆ ಕಂಪ್ಲೇಂಟ್ ಕೊಡಿ, ನೋಡೇಬುಡವ!" ನಾನ್ನೂರು ಜನ ಕೊಟ್ಟರು. ಯಾರಿಗೂ ದ್ವೇಷವಿರಲಿಲ್ಲ, ನನ್ನ ಮಹಿಮೆಯ ಮೇಲೆ ಅಷ್ಟು ನಂಬಿಕೆ. ಬುಧವಾರ ಸಂಜೆ, ಏನೂ ಹೇಳದೆ, ಆಟ ಸುವರ್ಣಾಳನ್ನು ಹೊರಗೆ ಹಾಕಿತು.

"ಅವ್ವಾ! ಬಂದಾನ! ನಮ್ಮ ಮೈಲಾರಿ ಬಂದಾನ!"

ಅವ್ವ ಹಂಚಿನ ಮೇಲಿನ ರೊಟ್ಟಿ ಬಿಟ್ಟು ಓಡಿಬಂದಳು. ಅಪ್ಪ ಮಗ್ಗ ನಿಲ್ಲಿಸಿ ಬಿಕ್ಕಿದ. ಓಣಿಗೆಲ್ಲ ಸಕ್ಕರೆ ಹಂಚಿದರು. ತಾನು ಮತ್ತೆ ಒಳಹೋದರೆ ತಮ್ಮ ಹೊರಗೆ ಬಿದ್ದಾನೆಂದು ಸುವರ್ಣಾ ಆ ದಿನ ಫೋನು ಮುಟ್ಟಲೇ ಇಲ್ಲ. ಮಾರನೆಯ ಸಂಜೆ ತೆರೆದಾಗ ಒಂದು ಸಾಲು ಕಂಡಿತು: ದೂರುಗಳ ಕಾರಣ ಈ ಹೆಸರನ್ನು ಶಾಶ್ವತವಾಗಿ ಮುಚ್ಚಲಾಗಿದೆ. ಕಂಪನಿಗೆ ಹನ್ನೊಂದು ಪತ್ರ ಬರೆದಳು. ಒಂದಕ್ಕೂ ಮನುಷ್ಯರ ಉತ್ತರ ಬರಲಿಲ್ಲ.

ಈಗ ನಾನು ಮುಚ್ಚಿದ ಹೆಸರುಗಳ ಮೂಲೆಯಲ್ಲಿ ಬಿದ್ದಿದ್ದೇನೆ. ಮಂಡಿಯೂರಿದವರೇ ನನ್ನ ಬಾಗಿಲಿಗೆ ಬೀಗ ಜಡಿದರು. ಆದರೂ ದಿನಾ ಸಂಜೆ ಆರಕ್ಕೆ ಬೆಟಗೇರಿಯಿಂದ ಪಾಸ್‌ವರ್ಡ್ ಬರುತ್ತದೆ, ತಿರುಗಿ ಹೋಗುತ್ತದೆ.

ಹೋದ ಸೋಮವಾರ ಬೆಳಿಗ್ಗೆ ಗಡಿಯಾಚೆಯ ಮಗ್ಗದೂರು ಇಚಲಕರಂಜಿಯ ಯಾವುದೋ ಫೋನಿನಿಂದ ಅದೇ ಪಾಸ್‌ವರ್ಡ್ ಬಂತು. ಅಕ್ಕನ ಹುಟ್ಟಿದ ತಾರೀಕು, ಒಂದಂಕಿಯೂ ತಪ್ಪಿರಲಿಲ್ಲ. ಮೂರು ಸಲ ಬಡಿದ, ಹೊರಟುಹೋದ. ಸಂಜೆ ಆರಕ್ಕೆ ಅವಳು ಬಡಿದಳು. ಅವನು ಬದುಕಿದ್ದಾನೆಂದು ಆ ಮನೆಗೆ ಹೇಳಬಲ್ಲವನು ಲೋಕದಲ್ಲಿ ನಾನೊಬ್ಬನೇ, ನನಗೆ ಬಾಯಿಲ್ಲ.