ಹಾಜರಿಗೆ ಕೂತವಳು

ದುದ್ದದ ಆಚೆ ನಮ್ಮ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಆ ವರ್ಷ ಮಕ್ಕಳು ಕರಗುತ್ತಾ ಬಂದಿದ್ದರು. ಗಂಡುಹುಡುಗರು ಕಬ್ಬು ಕಡಿಯಲು ಹೋದರು, ಹೆಣ್ಣುಮಕ್ಕಳು ಮದುವೆಯಾಗಿ ಹೋದರು. ಉಳಿದವರಲ್ಲಿ ಒಂಬತ್ತು ಮಂದಿ ಒಳಗೆ, ನಮ್ಮ ಕೇರಿಯ ಇಬ್ಬರು ಜಗಲಿಯ ಮೇಲೆ. ಹನ್ನೆರಡಕ್ಕೆ ಒಂದು ತಲೆ ಕಡಿಮೆಯಾದರೂ ಶಾಲೆ ಮುಚ್ಚುತ್ತಾರೆಂದು ವೆಂಕಟೇಶಮೂರ್ತಿ ಮೇಷ್ಟ್ರು ಹೇಳಿದರು. ಶಾಲೆ ನಿಂತರೆ ನನ್ನ ತಂಗಿ ಬೆಳ್ಳಿಯ ಮದುವೆ ಮಾಡುತ್ತೇನೆಂದು ಅಪ್ಪ ಆಗಲೇ ಯಲಿಯೂರಿನವರಿಗೆ ಮಾತು ಕೊಟ್ಟಿದ್ದ. ಅವಳಿಗೆ ಹತ್ತು ವರ್ಷ.

ಹಾಗಾಗಿ ಇನ್‌ಸ್ಪೆಕ್ಟರು ಬಂದ ದಿನ, ಮೂರನೇ ತರಗತಿಗೇ ಶಾಲೆ ಬಿಟ್ಟಿದ್ದ ನಾನು ಬೆಳ್ಳಿಯ ಪಕ್ಕ ಜಗಲಿಯಲ್ಲಿ ಕೂತೆ. ಮದುವೆಯಾಗಿ ಮಳವಳ್ಳಿಗೆ ಹೋದ ದೇವಿರಮ್ಮನ ಹೆಸರು ಕೂಗಿದಾಗ ನಾನು ಹಾಜರು ಎನ್ನಬೇಕಿತ್ತು. ಮದುವೆಗೆ ಮುಂಚಿನ ಲಂಗ ಉಟ್ಟು, ತಾಳಿಯನ್ನು ಕುಪ್ಪಸದೊಳಕ್ಕೆ ತಳ್ಳಿ, ಕಾಲುಂಗುರ ಕಾಣದಂತೆ ಪಾದ ಮಡಿಸಿದ್ದೆ. ಹಾಜರು ಅಂದದ್ದಾಯಿತು. ಇನ್‌ಸ್ಪೆಕ್ಟರು ಹೊಸಿಲಿಗೆ ಬಂದು ವ್ಯಾಕರಣ ಕೇಳತೊಡಗಿದರು.

“ದೊಡ್ಡ ಹುಡುಗಿ, ನೀನು ಹೇಳು. ತಂಗಿ, ಯಾವ ಲಿಂಗ?”

ಉತ್ತರ ಗೊತ್ತಿತ್ತು. ಆದರೆ ನನ್ನನ್ನು ಕಟ್ಟಿಕೊಂಡ ಸೋದರಮಾವನ ಹೆಸರು ಲಿಂಗಯ್ಯ. ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಬಂದರೆ ಅವನ ಆಯಸ್ಸು ಕಡಿಮೆಯಾಗುತ್ತದೆಂದು ಅವ್ವ ಹೇಳಿದ್ದಳು. ಮದುವೆಯಾದಂದಿನಿಂದ ಗುಡಿಯ ಲಿಂಗವನ್ನೂ ನಾನು ಕಲ್ಲುಸ್ವಾಮಿ ಎನ್ನುತ್ತಿದ್ದೆ.

“ಸ್ತ್ರೀ…” ಎಂದೆ.

“ಸ್ತ್ರೀ ಏನು?”

“ಸ್ತ್ರೀ… ನಮ್ಮನೆಯವ್ರು.”

ಒಳಗಿನ ಹುಡುಗರು ಕಿಸಕ್ಕನೆ ನಕ್ಕರು. ಮೇಷ್ಟ್ರ ಮುಖ ಸುಣ್ಣದಂತಾಯಿತು. ನಿಮ್ಮನೆಯವರು ಯಾರಮ್ಮ ಎಂದು ಇನ್‌ಸ್ಪೆಕ್ಟರು ಕೇಳಿದರು. ಬೆಳ್ಳಿ ನನ್ನ ಲಂಗ ಹಿಡಿದೆಳೆದು ಪಿಸುಗುಟ್ಟಿದಳು.

“ಏಳ್ಬುಡಕ್ಕ. ಮಾವಂಗೇನೂ ಆಗಕಿಲ್ಲ ಕಣಕ್ಕ.”

ನಾನು ಕಣ್ಣು ಮುಚ್ಚಿಕೊಂಡೆ.

“ಸ್ತ್ರೀಲಿಂಗ, ಸ್ವಾಮಿ.”

ಇನ್‌ಸ್ಪೆಕ್ಟರು ನನ್ನ ಕಾಲಿನ ಕಡೆ ನೋಡಿದರೋ, ಬರಿ ನೆಲ ನೋಡಿದರೋ ತಿಳಿಯಲಿಲ್ಲ. ಹನ್ನೆರಡು ಎಂದು ಬರೆದುಕೊಂಡು ಹೊರಟರು. ಬೆಳ್ಳಿ ಕುಣಿಯುತ್ತ ಮನೆಗೆ ಓಡಿದಳು. ನಾನು ತಾಳಿ ಹೊರತೆಗೆದು ಕಣ್ಣಿಗೊತ್ತಿಕೊಂಡೆ.

ಮಾವ ಅಂದು ಗೌಡರ ಕಬ್ಬಿನ ಗಾಡಿ ಹೊಡೆದುಕೊಂಡು ಮಂಡ್ಯದ ಕಾರ್ಖಾನೆಗೆ ಹೋಗಿದ್ದ. ಅವನ ದಾರಿಯ ನಾಲೆ, ರೈಲುಗೇಟು, ಹಾವು ಎಲ್ಲವೂ ನೆನಪಿಗೆ ಬಂದವು. ಊರಾಚೆಯ ರಸ್ತೆಗೆ ಹೋಗಿ ಕಾದೆ. ಹೊತ್ತು ಮುಳುಗುವಾಗ ಎತ್ತುಗಳು ತಾವಾಗಿಯೇ ಬಂದವು. ಮುಂದೆ ಕೂತು ಹೊಡೆಯುವವರು ಯಾರೂ ಇರಲಿಲ್ಲ. ಓಡಿ ನೋಡಿದರೆ ಗಾಡಿಯೊಳಗೆ ಅಂಗಾತ ಬಿದ್ದಿದ್ದ, ಬಾಯಿ ತೆರೆದಿತ್ತು. ಪಾದ ಹಿಡಿದು ಅಲುಗಿಸಿದೆ. ಮತ್ತೆ ಅಲುಗಿಸಿದೆ.

“ನಿದ್ದೆ ಕೆಡಿಸ್ಬ್ಯಾಡ ಕಣಮ್ಮಿ,” ಎಂದು ಮಗ್ಗುಲಾದ.

ಕೇರಿ ಮುಟ್ಟುವವರೆಗೂ ಆ ಪಾದ ಬಿಡದೆ ಗಾಡಿಯ ಹಿಂದೆಯೇ ನಡೆದೆ. ಪಾದ ಬಿಸಿಯಾಗಿತ್ತು. ಬಿಸಿಲಿನ ಬಿಸಿಯೋ, ಜ್ವರದ್ದೋ, ನನಗೆ ತಿಳಿಯಲಿಲ್ಲ.