ಬಿದ್ದವರು ಮಾಯವಾಗುವ ಬೆಟ್ಟ

ಬೆಟ್ಟದ ತುದಿಯ ಬಂಕರಿನಲ್ಲಿ ಕೂತು, ಕೆಳಗಿನಿಂದ ಹತ್ತಿ ಬರುವ ನಮ್ಮ ಸೈನಿಕರಿಗೆ ಗುಂಡು ಹೊಡೆಯುವುದು ನನ್ನ ಕೆಲಸವಾಗಿತ್ತು. ಬೆಳಿಗ್ಗೆ ಪಿಂಪ್ರಿಯಲ್ಲಿ ಲೋಕಲ್ ರೈಲು ಹಿಡಿಯುತ್ತಿದ್ದೆ. ಪುಣೆ ಸ್ಟೇಶನ್ನಿನಿಂದ ಕ್ಯಾಂಪ್ ಬಡಾವಣೆಗೆ ನಡೆದು, ಸಂಕಪ್ಪನವರ ಹೋಟೆಲಿನ ಪಕ್ಕದ ಇಕ್ಕಟ್ಟು ಮೆಟ್ಟಿಲು ಹತ್ತಿ, ಚಪ್ಪಲಿ ಹೊರಗೆ ಬಿಟ್ಟು ಕಂಪ್ಯೂಟರಿನ ಮುಂದೆ ಕೂತರೆ ಊಟದ ಹೊತ್ತಿನವರೆಗೆ ಕೊಲ್ಲುವುದು, ಸಾಯುವುದು, ಮತ್ತೆ ಎದ್ದು ಕೂರುವುದು. ನಡುನಡುವೆ ಆಟದಲ್ಲಿ ಕಂಡ ತಪ್ಪುಗಳನ್ನು ಬರೆದು, ಪ್ರೋಗ್ರಾಮ್ ಬರೆಯುವ ರಕ್ಷಿತನಿಗೆ ಕೊಡುವುದು. ಸೈನಿಕನ ಮೊಣಕಾಲು ಬಂಡೆಯೊಳಗೆ ಹೋಗುತ್ತದೆ. ಹಿಮ ಬೀಳುವಾಗ ಗುಂಡಿನ ಸದ್ದು ತಡವಾಗಿ ಬರುತ್ತದೆ. ಇಂಥವು.

ಬಿ.ಕಾಂ. ಮುಗಿಸಿದವಳಿಗೆ ಇದೆಂಥ ಕೆಲಸ ಅಂತ ಮನೆಯಲ್ಲಿ ಯಾರೂ ಕೇಳಲಿಲ್ಲ. ಕಂಪ್ಯೂಟರಿನ ಕೆಲಸ ಅಂದಿದ್ದೆ. ಅಷ್ಟು ಸಾಕಾಗಿತ್ತು.

ಅದು ೨೦೦೩. ಆಟದ ಹೆಸರು ‘ಆಖರಿ ಚೋಟಿ’, ಕೊನೆಯ ಶಿಖರ ಅಂತ. ನಾಲ್ಕು ವರ್ಷದ ಹಿಂದಿನ ಯುದ್ಧದಲ್ಲಿ ನಮ್ಮವರು ಗೆದ್ದುಕೊಂಡ ಒಂದು ಬೆಟ್ಟವನ್ನು ಹಾಗೇ ಕಂಪ್ಯೂಟರಿನಲ್ಲಿ ಕಟ್ಟಿದ್ದರು. ಇಬ್ಬರು ಕೂತು ಆಡಬೇಕಾದರೆ ಒಬ್ಬರು ವೈರಿಯಾಗಲೇಬೇಕು. ಆಫೀಸಿನ ಹುಡುಗರು ಆ ಕುರ್ಚಿಗೆ ಒಪ್ಪಲಿಲ್ಲ. ನಾನು ಯಾವುದಕ್ಕೂ ಬೇಡ ಅನ್ನುವವಳಲ್ಲ. ಹಾಗಾಗಿ ಮೇಲಿನ ಕಡೆ ನನ್ನ ಪಾಲಿಗೆ ಬಂತು.

ಆ ಕಡೆಯ ನಾಯಕ ಕಟ್ಟುಕಥೆಯವನಲ್ಲ. ಆ ಬೆಟ್ಟದ ಮೇಲೆ ನಿಜವಾಗಿ ಕಾದಾಡಿ, ಅಲ್ಲೇ ಸತ್ತ ಅವರ ಕಡೆಯ ಕ್ಯಾಪ್ಟನ್. ಅವನ ದೇಶ ಅವನಿಗೆ ಪದಕ ಕೊಟ್ಟಿತ್ತು. ಪತ್ರಿಕೆಯಲ್ಲಿ ಬಂದ ಫೋಟೋದಿಂದ ಮುಖ ತೆಗೆದುಕೊಂಡು, ನಿಜವಾದ ಹೆಸರನ್ನೇ ಇಟ್ಟಿದ್ದರು. ನಮ್ಮ ಮಾಲಕರು ಮಾರ್ತಾಂಡ ಸರ್ ಸೊಲ್ಲಾಪುರದ ಕಡೆಯವರು. ‘ಖರೇ ಮಂದಿ, ಖರೇ ಬೆಟ್ಟ. ಅದೇ ನಮ್ಮ ಆಟದ ತಾಕತ್ತು’ ಅನ್ನುತ್ತಿದ್ದರು.

ಆ ಬೆಟ್ಟದ ಮೇಲೆ ಸತ್ತ ನಮ್ಮವರಲ್ಲಿ ನನ್ನ ಅಣ್ಣ ಮನೋಹರನೂ ಒಬ್ಬ. ನಾನು ಯಾರಿಗೂ ಹೇಳಿರಲಿಲ್ಲ. ಮುಚ್ಚಿಡಬೇಕು ಅಂತಲ್ಲ. ಯಾವಾಗ ಹೇಳುವುದು, ಯಾವ ಮಾತಿನ ನಡುವೆ ಹೇಳುವುದು ಅಂತ ತಿಳಿಯಲಿಲ್ಲ. ಆಟ ಗೆದ್ದ ಮೇಲೆ ನಮ್ಮ ಕಡೆಯ ಸತ್ತವರ ಹೆಸರುಗಳು ಪರದೆಯ ಮೇಲೆ ಕೆಳಗಿನಿಂದ ಮೇಲಕ್ಕೆ ಹೋಗುತ್ತಿದ್ದವು. ಒಂದು ದಿನ ಅದನ್ನು ನೋಡುತ್ತಿದ್ದ ರಕ್ಷಿತ ನಿಲ್ಲಿಸಿದ.

“ಮನೋಹರ ಅವ್ವಣ್ಣ, ಪಿಂಪ್ರಿ,” ಅಂತ ಓದಿದ. “ಶಿವಕಾಂತಾ, ನಿಮ್ಮ ಅಪ್ಪನ ಹೆಸರೂ ಅವ್ವಣ್ಣ ಅಲ್ವಾ?”

“ಹೌದು.”

“ನಿಮಗೆ ಏನಾಗಬೇಕು ಇವರು?”

“ಅಣ್ಣ.”

ರಕ್ಷಿತ ಮೌಸಿನಿಂದ ಕೈ ತೆಗೆದ. ಇಷ್ಟು ದಿನ ಅವನು ಕೆಳಗಿನಿಂದ ಹತ್ತಿ ಬರುತ್ತಿದ್ದ, ನಾನು ಮೇಲಿನಿಂದ ಹೊಡೆಯುತ್ತಿದ್ದೆ. ಕೆಳಗಿಳಿದು ಅವನ ಅಪ್ಪ ಸಂಕಪ್ಪನವರ ಹೋಟೆಲಿನಿಂದ ಎರಡು ಚಹಾ ತಂದಿಟ್ಟ. ನಾವು ಮತ್ತೆ ಆಡಿದೆವು. ಅವತ್ತು ಅವನು ಸರಿಯಾಗಿ ಹತ್ತಲಿಲ್ಲ. ಅವನನ್ನು ಹೊಡೆಯುವುದು ಸುಲಭವಾಯಿತು.

ಆಮೇಲೆ ಮರಾಠಿ ಪೇಪರಿನಲ್ಲಿ ಸುದ್ದಿ ಬಂತು. ಪುಣೆಯ ಕಂಪನಿಯೊಂದರ ಆಟದಲ್ಲಿ ನಮ್ಮ ಹುಡುಗರು ವೈರಿಯ ವೇಷದಲ್ಲಿ ನಮ್ಮ ಜವಾನರನ್ನೇ ಕೊಲ್ಲಬಹುದು, ವೈರಿಯ ಅಧಿಕಾರಿಯ ಹೆಸರನ್ನೂ ಮುಖವನ್ನೂ ಮೆರೆಸಿದ್ದಾರೆ ಅಂತ. ಒಂದು ಸಂಘಟನೆಯವರು ಬಂದು ಮೆಟ್ಟಿಲ ಬಾಯಿಯಲ್ಲಿದ್ದ ನಮ್ಮ ಬೋರ್ಡಿಗೆ ಡಾಂಬರು ಬಳಿದರು. ಸ್ವಲ್ಪ ಡಾಂಬರು ಹೋಟೆಲಿನ ಗೋಡೆಗೂ ಬಿತ್ತು. “ಮೇಲಿನವರ ಯುದ್ಧಕ್ಕೆ ನನ್ನ ಗೋಡೆ ಎಂತ ಮಾಡಿತ್ತು ಮಾರಾಯ್ರೆ,” ಅಂತ ಸಂಕಪ್ಪನವರು ಸೀಮೆಎಣ್ಣೆ ಹಾಕಿ ಉಜ್ಜಿಸಿದರು. ಸೈಬರ್ ಕೆಫೆಯವರೆಲ್ಲ ಆಟ ಬೇಡ ಅಂದರು.

ಮಾರ್ತಾಂಡ ಸರ್ ನನ್ನನ್ನು ಒಳಗೆ ಕರೆದರು. ಅಣ್ಣನ ವಿಷಯ ರಕ್ಷಿತ ಹೇಳಿದ್ದ ಅಂತ ಕಾಣುತ್ತದೆ.

“ತಂಗಿ, ನೋಡು. ಶನಿವಾರ ಪತ್ರಕರ್ತರನ್ನ ಕರದೀನಿ. ನಿಮ್ಮ ತಾಯಿಯವರು ಬಂದು, ನನಗೇನೂ ಅಡ್ಡಿ ಇಲ್ಲ ಅಂತ ಒಂದ ಮಾತು ಅಂದ್ರ ಯಾರೂ ಬಾಯಿ ತೆರಿಯಂಗಿಲ್ಲ. ಇಲ್ಲಂದ್ರ ಈ ಬಾಗಿಲಾ ಮುಚ್ಚತೀನಿ. ಹುಡುಗೂರೆಲ್ಲಾ ಮನಿಗೆ ಹೋಗತಾರ.”

“ಅವ್ವ ಅದರ ಬಗ್ಗೆ ಮಾತಾಡಂಗಿಲ್ರಿ.”

“ಒಂದ ಮಾತು ತಂಗಿ.”

ನನಗೆ ಬೇರೆ ಯಾವುದರ ಭಯವೂ ಇರಲಿಲ್ಲ. ಬಾಗಿಲು ಮುಚ್ಚಿದರೂ ಮುಚ್ಚಲಿ. ಅವ್ವ ನಾಲ್ಕು ವರ್ಷದಿಂದ ಅಣ್ಣನ ಹೆಸರು ಎತ್ತಿರಲಿಲ್ಲ. ಅವಳನ್ನು ಕ್ಯಾಮೆರಾ ಮುಂದೆ ಕೂರಿಸಿ ಆ ಹೆಸರು ಹೇಳಿಸುತ್ತಾರೆ, ಆ ಬೆಟ್ಟ ತೋರಿಸುತ್ತಾರೆ, ಅದರ ತುದಿಯಲ್ಲಿ ಕೂತಿರುವವಳು ನಾನು ಅಂತ ಅವಳಿಗೆ ತಿಳಿಯುತ್ತದೆ. ಅವತ್ತು ದಿನಚರಿಯಲ್ಲಿ ‘ಶನಿವಾರ’ ಅಂತ ಮಾತ್ರ ಬರೆದೆ.

ಅವ್ವ ಹೆಸರೆತ್ತದೆ ಇರುವುದಕ್ಕೆ ಕಾರಣ ಬರೀ ಸಾವಲ್ಲ. ನಮ್ಮಲ್ಲಿ ಸುಡುವುದಿಲ್ಲ. ಹೂಳುತ್ತಾರೆ. ವಿಭೂತಿ ಹಚ್ಚಿ, ಕೂರಿಸಿ, ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕುತ್ತಾರೆ. ಅಣ್ಣನ ಪೆಟ್ಟಿಗೆ ಬಂದ ದಿನ ಕಾಲನಿಯ ಜನ, ಎಲ್ಲಿಂದಲೋ ಬಂದ ಮುಖಂಡರು, ಬ್ಯಾಂಡು, ಹೂವಿನ ಟ್ರಕ್ಕು. ನದಿ ದಂಡೆಗೆ ಹೋಗುವಷ್ಟರಲ್ಲಿ ಯಾರೋ ಪುಣ್ಯಾತ್ಮರು ಗಂಧದ ತುಂಡೂ ಸೇರಿಸಿ ಕಟ್ಟಿಗೆ ಒಟ್ಟಿಬಿಟ್ಟಿದ್ದರು. ಸೈನ್ಯದ ಸಾಹೇಬರು ಅಪ್ಪನ ಹತ್ತಿರ ಬಂದು ಹಿಂದಿಯಲ್ಲಿ ಎಲ್ಲ ಸರಿ ಇದೆಯೇ ಅಂತ ಕೇಳಿದರು. ಜೀವಮಾನವಿಡೀ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರನಿಗೆ ಹೇಳಿದಂತೆ ಅಪ್ಪ ಮರಾಠಿಯಲ್ಲಿ “ಹೋ ಸಾಹೇಬ” ಅಂದ, ಹೌದು ಅಂತ. ಹೆಂಗಸರನ್ನು ದೂರ ನಿಲ್ಲಿಸಿದ್ದರು. ಹೊಗೆ ಎದ್ದ ಮೇಲೆ ಅವ್ವನಿಗೆ ತಿಳಿಯಿತು. ಅವಳ ಮುಷ್ಟಿಯಲ್ಲಿ ಮಣ್ಣು ಇತ್ತು. ಅದನ್ನು ಎಲ್ಲಿ ಹಾಕಿದಳೋ ನಾನು ನೋಡಲಿಲ್ಲ.

ಗುರುವಾರ ಸಂಘಟನೆಯವರು ಶಾಲು, ತೆಂಗಿನಕಾಯಿ ಹಿಡಿದು ಮನೆಗೆ ಬಂದರು. ಎಲ್ಲರಿಗಿಂತ ಹಿರಿಯರು ಕೈ ಮುಗಿದು, “ಆಯಿ, ಆ ಸಿ.ಡಿ.ಗಳಿಗೆ ನಿಮ್ಮ ಕೈಯಿಂದಲೇ ಬೆಂಕಿ ಹಚ್ಚಬೇಕು” ಅಂತ ಮರಾಠಿಯಲ್ಲಿ ಹೇಳಿದರು.

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಅವರು ಹೋದ ಮೇಲೆ, “ಇವರಿಗೂ ಬೆಂಕಿನ ಬೇಕು,” ಅಂದಳು. ರೊಟ್ಟಿಯನ್ನು ಹಂಚಿಗೆ ಹಾಕಿ, “ಏನ ಆಟ ಅದು?” ಅಂತ ಕೇಳಿದಳು.

ನಾನು ಹೇಳಿದೆ. ಬೆಟ್ಟ ಅಂದೆ. ನನ್ನ ಆಫೀಸು ಅಂದೆ. ಮಾಲಕರು ಕರೆದಿದ್ದಾರೆ ಅಂದೆ. ನನ್ನ ಕುರ್ಚಿಯ ವಿಷಯ ಹೇಳಲಿಲ್ಲ.

“ನೋಡದs ಏನ ಹೇಳಲಿ? ಮೊದಲ ನೋಡತೀನಿ,” ಅಂದಳು.

ಶನಿವಾರ ಅವ್ವ, ಅಣ್ಣನ ಪದಕ ಕೈಗೆ ಬಂದ ದಿನ ಉಟ್ಟಿದ್ದ ಇಳಕಲ್ ಸೀರೆಯನ್ನೇ ಉಟ್ಟಳು. ಲೋಕಲ್‌ನಲ್ಲಿ ಕಿಟಕಿ ಪಕ್ಕ ಕೂತಳು. ಹೋಟೆಲಿನ ಬಾಗಿಲಲ್ಲಿ ಸಂಕಪ್ಪನವರು ಕೈ ಮುಗಿದರು.

“ಬನ್ನಿ ಅಮ್ಮ. ನಿಮ್ಮ ಮಗಳು ದಿನಾ ಬರ್ತಾಳೆ, ಒಂದು ಮಾತು ಬಾಯಿಂದ ಬೀಳುವುದಿಲ್ಲ. ಚಹಾ ಬೇಕಾ ಅಂದ್ರೆ ತಲೆ ಆಡಿಸ್ತಾಳೆ, ಹೌದೋ ಅಲ್ಲವೋ ಗೊತ್ತಾಗುವುದಿಲ್ಲ. ನಾನೇ ತಿಳ್ಕೊಂಡು ಕೊಡುವುದು.”

“ನಮ್ಮ ಮನ್ಯಾಗ ಎಲ್ಲಾರೂ ಹಂಗs ಅದೀವ್ರಿ,” ಅಂದಳು ಅವ್ವ. “ಅದರಿಂದನ ಕೆಟ್ಟೀವಿ.”

ಮೇಲೆ ಮಾರ್ತಾಂಡ ಸರ್ ಕುರ್ಚಿ ಒರೆಸಿ ಕೂರಿಸಿದರು. ರಕ್ಷಿತ ಕೆಳಗಿನ ಕಡೆಯ ಕಂಪ್ಯೂಟರಿನ ಮುಂದೆ ಕೂತ. ಇನ್ನೊಂದಕ್ಕೆ ಯಾರನ್ನು ಕೂರಿಸುವುದು ಅಂತ ಸರ್ ಸುತ್ತ ನೋಡಿದರು. ಹುಡುಗರು ಗೋಡೆ ನೋಡುತ್ತಿದ್ದರು. ನಾನು ಹೋಗಿ ಕೂತೆ.

“ನೀ ಯಾ ಕಡೆ?” ಅವ್ವ ಕೇಳಿದಳು.

“ಮ್ಯಾಲಿನ ಕಡೆ.”

“ಮ್ಯಾಲೆ ಯಾರಿರತಾರ?”

“ಅವರು.”

“ದಿನಾ ನೀನೇ ಏನು?”

“ಹೂಂ.”

ಅವ್ವ ಸೆರಗು ಸರಿಮಾಡಿಕೊಂಡಳು. “ಹೂಂ, ಆಡ್ರಿ,” ಅಂದಳು.

ಹಿಮ ಬಿತ್ತು. ನಮ್ಮವರು ಬಂಡೆಯಿಂದ ಬಂಡೆಗೆ ಹತ್ತಿ ಬಂದರು. ನನ್ನ ಬೆರಳಿಗೆ ಎಲ್ಲ ಗೊತ್ತಿತ್ತು. ಮೊದಲನೆಯವನು ಬಿದ್ದ. ಅಂಗಾತ ಬಿದ್ದು, ಒಂದು ಕೈ ಹೊರಗೆ ಚಾಚಿಕೊಂಡ. ಆಮೇಲೆ ಎಲ್ಲರೂ ಆಗುವಂತೆ ಅವನೂ ತೆಳ್ಳಗಾಗುತ್ತ, ಹಿಮ ಅವನ ಮೂಲಕ ಕಾಣುತ್ತ, ಇಲ್ಲವಾದ.

“ಎಲ್ಲಿ ಹ್ವಾದ?” ಅಂದಳು ಅವ್ವ.

ಪರದೆಯ ಕಡೆ ಬೆರಳು ಮಾಡಿದಳು.

“ಇಲ್ಲಿ ಬಿದ್ದಿದ್ನಲ್ಲ, ಹುಡುಗ. ಎಲ್ಲಿ ಹ್ವಾದ? ಯಾರ ಒಯ್ದರು?”

ರಕ್ಷಿತ ತಿರುಗಿ ಕೂತ. “ಅಮ್ಮ, ಅದು... ಬಿದ್ದವರೆಲ್ಲ ಹಾಗೇ ಇದ್ದರೆ ಕಂಪ್ಯೂಟರಿಗೆ ಭಾರ ಆಗ್ತದೆ. ಆಟ ನಿಧಾನ ಆಗ್ತದೆ. ಅದಕ್ಕೆ ಸ್ವಲ್ಪ ಹೊತ್ತಿಗೆ ತೆಗೆದುಹಾಕ್ತೇವೆ.”

“ನೀವ ತಗೀತೀರಿ?”

“ನಾನು ಅಂದರೆ... ಹೌದು, ನಾನೇ ಬರೆದದ್ದು.”

“ಎರಡೂ ಕಡಿಯವರನ್ನ?”

“ಎರಡೂ.”

ಅವ್ವ ಮತ್ತೆ ಪರದೆ ನೋಡಿದಳು. ರಕ್ಷಿತ ಹತ್ತಿ ಬಂದು ಬಂಕರಿನೊಳಗೆ ಗುಂಡು ಹಾರಿಸಿದ. ಕ್ಯಾಪ್ಟನ್ ಬಿದ್ದ. ನಾನು ಬಿದ್ದೆ. ಗಡ್ಡವಿಲ್ಲದ, ತುಂಬ ಎಳೆಯ ಮುಖ. ಮೇಲೆ ಅವನ ಹೆಸರು. ಅವನೂ ತೆಳ್ಳಗಾದ.

“ಇವಗ ಖರೇ ಏನ ಮಾಡಿದ್ರು?”

ಆಟ ಕಟ್ಟುವಾಗ ಕತ್ತರಿಸಿಟ್ಟಿದ್ದ ಪೇಪರುಗಳನ್ನೆಲ್ಲ ನಾನು ಓದಿದ್ದೆ. “ಅವರ ಮಂದಿ ಒಯ್ಯಲಿಕ್ಕೆ ಬರಲಿಲ್ಲಂತ. ನಮ್ಮವರ ಅಲ್ಲೇ ಮಣ್ಣು ಮಾಡಿದ್ರಂತ. ಅವರ ಪದ್ಧತಿ ಪ್ರಕಾರ.”

“ಹೂಳಿದ್ರು?”

“ಹೂಂ.”

“ಅವರ ಪದ್ಧತಿ ಕೇಳ್ಯಾರ,” ಅಂದಳು ಅವ್ವ.

ಮಾರ್ತಾಂಡ ಸರ್ ನನ್ನ ಕಡೆ ನೋಡಿದರು. ನಾನು ಕೀಬೋರ್ಡ್ ನೋಡಿದೆ.

ಪತ್ರಕರ್ತರು ಕೆಳಗೆ ಹೋಟೆಲಿನ ಫ್ಯಾಮಿಲಿ ರೂಮಿನಲ್ಲಿ ಇಡ್ಲಿ ತಿನ್ನುತ್ತಿದ್ದರು. ಸಂಘಟನೆಯವರೂ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು, ಅವರಿಗೂ ಸಂಕಪ್ಪನವರು ಇಡ್ಲಿ ಕೊಟ್ಟಿದ್ದರು. ಮಾರ್ತಾಂಡ ಸರ್ ಚೆನ್ನಾಗಿ ಮಾತಾಡಿದರು. ಆಮೇಲೆ ಒಬ್ಬ ಪತ್ರಕರ್ತೆ ಅವ್ವನ ಮುಂದೆ ಮೈಕು ಹಿಡಿದು, ವೈರಿಯನ್ನು ಹೀಗೆ ತೋರಿಸಿರುವುದಕ್ಕೆ ನಿಮ್ಮ ವಿರೋಧ ಇದೆಯೇ ಅಂತ ಮರಾಠಿಯಲ್ಲಿ ಕೇಳಿದಳು.

ಸಂತೆ, ನಲ್ಲಿ, ಬಸ್ಸಿಗೆಲ್ಲ ಸಾಕಾಗುವಷ್ಟು ಮರಾಠಿ ಅವ್ವನಿಗೆ ಬರುತ್ತದೆ. ಆದರೂ ನನ್ನ ಕಡೆ ತಿರುಗಿದಳು. “ನಾ ಹೇಳತೀನಿ. ನೀ ಅವರಿಗೆ ತಿಳಿಸಿ ಹೇಳು. ಹೋ ಸಾಹೇಬ ಅನ್ನಬ್ಯಾಡ.”

ನಾನು ಎದ್ದು ನಿಂತೆ. ಅಷ್ಟು ಜನರ ಮುಂದೆ ನಾನು ಯಾವತ್ತೂ ಮಾತಾಡಿದವಳಲ್ಲ.

“ಬೆಂಕಿ ಹಚ್ಚಂಗಿಲ್ಲ, ಸುಡೂದ ನನಗ ಸಾಕಾಗೇದ ಅನ್ನು.”

ಹೇಳಿದೆ. ಹಿಂದಿನ ಸಾಲಿನವರು ಒಬ್ಬರನ್ನೊಬ್ಬರು ನೋಡಿದರು. ಮಾರ್ತಾಂಡ ಸರ್ ನಗಲು ಶುರುಮಾಡಿದರು.

“ಬಿದ್ದವರನ್ನ ಮಾಯಾ ಮಾಡಬಾರದು ಅನ್ನು. ಅಲ್ಲೇ ಇರಗೊಡಬೇಕು. ಅದನ್ನ ಮಾಡಿದ್ರ ಆಟಾ ನಡಸ್ರಿ. ಮಾಡಲಿಲ್ಲಂದ್ರ ನನ್ನ ಮಗನ ಹೆಸರ ತಗೀರಿ.”

ಹೇಳಿದೆ.

“ಯಾರು ಬಿದ್ದವರು? ನಮ್ಮವರೋ, ಅವರೋ?” ಪತ್ರಕರ್ತೆ ಕೇಳಿದಳು.

ನಾನು ಕನ್ನಡದಲ್ಲಿ ಹೇಳುವ ಮೊದಲೇ ಅವ್ವ ಉತ್ತರ ಕೊಟ್ಟಳು. “ಬಿದ್ದವರು.”

ಅದನ್ನು ಮರಾಠಿಯಲ್ಲಿ ಹೇಳಿದೆ. ಎಲ್ಲೂ ತಡವರಿಸಲಿಲ್ಲ. ಕೂತೆ. ಪತ್ರಕರ್ತೆ ಇನ್ನೂ ಏನೋ ಬರುತ್ತದೆ ಅಂತ ಮೈಕು ಹಿಡಿದೇ ಇದ್ದಳು. ಅವ್ವ ನೀರು ಕುಡಿದಳು. ಅಣ್ಣನ ಹೆಸರು ಅವಳ ಬಾಯಿಂದ ಬರಲಿಲ್ಲ.

ಲೋಕಲ್‌ನಲ್ಲಿ ಖಡಕಿ ಸ್ಟೇಶನ್ ದಾಟಿದ ಮೇಲೆ ಅವ್ವ ಕೇಳಿದಳು.

“ಆ ಬೆಟ್ಟದ ಮ್ಯಾಲ ಮಣ್ಣ ಅದ ಏನು?”

“ಬರೀ ಕಲ್ಲು ಅವ್ವ.”

“ಹಂಗಾದ್ರ ಅಗಿಯೋರಿಗೆ ಭಾಳ ತ್ರಾಸ ಆಗಿರಬೇಕು,” ಅಂದಳು. ಆಮೇಲೆ ಪಿಂಪ್ರಿಯವರೆಗೆ ಕಿಟಕಿಯ ಆಚೆ ನೋಡಿದಳು. ನನ್ನ ಕುರ್ಚಿಯ ಬಗ್ಗೆ ಅವತ್ತೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ.

ಮರುದಿನ ಒಂದು ಪೇಪರಿನಲ್ಲಿ ಹುತಾತ್ಮನ ತಾಯಿಯ ಒಪ್ಪಿಗೆ ಅಂತ ಬಂತು, ಇನ್ನೊಂದರಲ್ಲಿ ಹುತಾತ್ಮನ ತಾಯಿಯ ಆಕ್ರೋಶ ಅಂತ. ಎರಡರಲ್ಲೂ ಅದೇ ಫೋಟೋ, ಅವ್ವ ನೀರು ಕುಡಿಯುತ್ತಿರುವುದು. ಮಾರ್ತಾಂಡ ಸರ್ ಸಂಘಟನೆಯವರ ಜೊತೆ ಕೂತು ಮಾತಾಡಿ ಕ್ಯಾಪ್ಟನ್ನನ ಹೆಸರು ತೆಗೆಸಿದರು. ಮುಖವನ್ನೂ ಬದಲಿಸಬೇಕಿತ್ತು. ಯಾರದೂ ಅಲ್ಲದ ಮುಖ ಎಲ್ಲಿ ಸಿಗುತ್ತದೆ? ಕೊನೆಗೆ ಸಂಕಪ್ಪನವರನ್ನು ಗೋಡೆಗೆ ನಿಲ್ಲಿಸಿ, ಎದುರಿನಿಂದ ಒಂದು, ಪಕ್ಕದಿಂದ ಒಂದು ಫೋಟೋ ಹೊಡೆದು, ಗಡ್ಡ ಹಚ್ಚಿದರು. “ನೋಡಿ ಮಾರಾಯ್ರೆ, ಮಗ ಓದಿ ಅಪ್ಪನಿಗೇ ಗುಂಡು ಹೊಡಿಯುವ ಹಾಗಾದ,” ಅಂತ ಅವರು ಗಿರಾಕಿಗಳಿಗೆಲ್ಲ ಹೇಳಿದರು.

ಬಿದ್ದವರನ್ನು ಇರಗೊಡುವುದು ಆಗಲಿಲ್ಲ. ಸಣ್ಣ ಕೆಫೆಗಳ ಹಳೇ ಕಂಪ್ಯೂಟರುಗಳಲ್ಲಿ ಆಟ ಓಡುವುದೇ ಇಲ್ಲ ಅಂದರು. ಹಾಗಾಗಿ ಅವ್ವ ಹೇಳಿದಂತೆ ಮನೋಹರ ಅವ್ವಣ್ಣ, ಪಿಂಪ್ರಿ ಅನ್ನುವ ಸಾಲನ್ನು ತೆಗೆದರು. ಅದನ್ನು ತೆಗೆದದ್ದು ಸರಿಯಾಗಿದೆಯೇ ಅಂತ ನೋಡುವುದು ನನ್ನ ಕೆಲಸ. ನೋಡಿದೆ. ಮೇಲಿನ ಹೆಸರೂ ಕೆಳಗಿನ ಹೆಸರೂ ಹತ್ತಿರ ಬಂದು ಕೂಡಿಕೊಂಡಿದ್ದವು. ಜಾಗ ಖಾಲಿ ಕಾಣುತ್ತಿರಲಿಲ್ಲ.

ಅದೇ ವಾರ ರಕ್ಷಿತ ನನ್ನ ಕಂಪ್ಯೂಟರಿಗೆ ಬೇರೊಂದು ಪ್ರತಿ ಹಾಕಿಕೊಟ್ಟ. “ಇದರಲ್ಲಿ ತೆಗೆಯುವುದಿಲ್ಲ. ಅಮ್ಮ ಬಂದರೆ ತೋರಿಸಿ,” ಅಂದ. ಅವ್ವ ಮತ್ತೆ ಕ್ಯಾಂಪಿಗೆ ಬರಲಿಲ್ಲ.

ಊಟದ ಹೊತ್ತಿನಲ್ಲಿ ಎಲ್ಲರೂ ಕೆಳಗೆ ಹೋದಾಗ ನಾನು ಅದನ್ನು ತೆರೆದೆ. ಹಳೇ ಕ್ಯಾಪ್ಟನ್ನನೇ ಇದ್ದ, ಹೆಸರೂ ಇತ್ತು. ಮೇಲಿನ ಕಡೆ ಕೂತೆ, ಕೆಳಗಿನವರನ್ನು ಕಂಪ್ಯೂಟರೇ ನಡೆಸಿತು. ಹತ್ತಿ ಬಂದವರು ಬಿದ್ದರು, ಬಿದ್ದಲ್ಲೇ ಉಳಿದರು. ಇನ್ನಷ್ಟು ಜನ ಬಂದು ಅವರ ಮೇಲೆ ಬಿದ್ದರು. ಹಿಮ ನಿಧಾನವಾಯಿತು. ಗುಂಡು ನಳಿಕೆಯಿಂದ ಹೊರಟು ಗಾಳಿಯಲ್ಲಿ ಕಾಯತೊಡಗಿತು. ಯಾರದೋ ಒಂದು ಕಾಲು ಎತ್ತಿದ್ದು ಕೆಳಗೆ ಬರಲಿಲ್ಲ. ಆಮೇಲೆ ಎಲ್ಲ ನಿಂತಿತು. ನಾನು ಬಂಕರಿನಿಂದ ಹೊರಗೆ ಇಳಿಯಲು ನೋಡಿದೆ, ಆಗಲಿಲ್ಲ. ಇಳಿದಿದ್ದರೂ ಆ ಆಟದಲ್ಲಿ ಹೊಡೆಯಲು, ಓಡಲು, ಬಗ್ಗಲು ಕೀಲಿಗಳಿದ್ದವು. ಅಗೆಯಲು ಇರಲಿಲ್ಲ.

ಹುಡುಗರು ಮೆಟ್ಟಿಲು ಹತ್ತಿ ಬರುವ ಸದ್ದಾಯಿತು. ಕಂಪ್ಯೂಟರನ್ನು ಗುಂಡಿ ಒತ್ತಿ ಆರಿಸಿ, ಡಬ್ಬಿ ತೆಗೆದು ರೊಟ್ಟಿ ತಿಂದೆ.