ಟಾಚಣದಲ್ಲಿ ಇಲ್ಲದ ಪ್ರಶ್ನೆ

ಸೀಮೆಸುಣ್ಣ ಮುರಿಯಿತು, ತುಂಡು ಉರುಳಿ ನನ್ನ ಚಪ್ಪಲಿಯ ಹತ್ತಿರ ಬಂದು ನಿಂತಿತು, ಪಾಠ ಮಾಡುತ್ತಿದ್ದ ಶಿಕ್ಷಕಿ ವೈಷ್ಣವಿ ಬಾಗಿ ಎತ್ತಿಕೊಂಡು ಮತ್ತೆ ಹಲಗೆಗೆ ಹೋದಳು, ಉಮರ್ಗಾ, ನಿಲಂಗಾ, ಉದಗೀರ, ನಕಾಶೆಯಲ್ಲಿ ಮೂರು ಚುಕ್ಕೆ, ಭೂಕಂಪದ ಪಾಠ, ಎಂಟನೆಯ ವರ್ಗದ ಮಕ್ಕಳು ಮುಂದೆ, ಸಮಾಜ ವಿಜ್ಞಾನದ ಶಿಕ್ಷಕರೆಲ್ಲ ಹಿಂದೆ — ತಿಂಗಳಿಗೊಂದು ಶಾಲೆ, ಒಬ್ಬರು ಕಲಿಸುವುದು, ಉಳಿದವರು ಕೂತು ನೋಡುವುದು, ಈ ಪದ್ಧತಿ ಶಾಲೆಗಳ ಮೇಲ್ವಿಚಾರಕನಾಗಿದ್ದಾಗ ನಾನೇ ಹಾಕಿದ್ದು, ನಿವೃತ್ತನಾಗಿ ನಾಲ್ಕು ವರ್ಷವಾದರೂ ಕರೆಯುತ್ತಾರೆ, ಕೊನೆಗೆ ಹಿರಿಯರು ಎರಡು ಮಾತು ಹೇಳಬೇಕು, ಇವತ್ತು ಹೇಳಿಬಿಡಬೇಕು, ಏಳು ವರ್ಷದಿಂದ ಒಳಗಿಟ್ಟುಕೊಂಡದ್ದನ್ನು, ಶಿವನೇ, ನಾಲಿಗೆಗೆ ಬಲ ಕೊಡು — ಟಾಚಣ, ಪಾಠದ ಟಿಪ್ಪಣಿಗೆ ನಾವು ಹಾಗೆ ಅನ್ನುವುದು, ಆಗ ಒಬ್ಬರು ಬರೆದದ್ದನ್ನು ಎಲ್ಲ ಶಾಲೆಯವರೂ ಅಕ್ಷರ ಬಿಡದೆ ಇಳಿಸಿಕೊಳ್ಳಬೇಕಿತ್ತು, ಸ್ವಂತದ್ದು ಸೇರಿಸಬಾರದು, ಅದೂ ನನ್ನದೇ ನಿಯಮ, ಮೂರು ತಾಲೂಕಿನ ಮಕ್ಕಳಿಗೆ ಒಂದೇ ಮಾತು ಎಂದು ಹೆಮ್ಮೆ, ನಮ್ಮ ನೆಲ ಗಟ್ಟಿ ಕರಿಕಲ್ಲು, ಇಲ್ಲಿ ಭೂಕಂಪದ ಭಯವಿಲ್ಲ, ಎಂದು ಬರೆದು ಕೆಳಗೆ ಕೆಂಪು ಗೆರೆ ಎಳೆದಿದ್ದೆ, ಆ ವರ್ಷ ಗಣಪತಿ ಕೂತ ಮರುದಿನದ ಸಭೆ, ಹಿಂದಿನ ಬೆಂಚಿನಿಂದ ಒಂದು ಕೈ ಎದ್ದಿತು, ಶೇವಂತಾಬಾಯಿ, ಲೋಹಾರಾದ ಕಡೆಯ ಹಳ್ಳಿಯ ಶಾಲೆಯವಳು, ಸಭೆಯಲ್ಲಿ ಎಂದೂ ಬಾಯಿ ತೆರೆಯದವಳು, ಬೆರಳಿಗೆ ಸುಣ್ಣದ ಪುಡಿ, ಎರಡು ಹಸಿರು ಬಳೆ ಮೊಣಕೈಯತ್ತ ಜಾರಿದ್ದವು, ಸರ್, ನಮ್ಮೂರಾಗ ನೆಲದಾಗಿಂದ ಗುಡುಗಿದಂಗ ಸಪ್ಪಳ ಬರ್ತದ್ರೀ, ಅಡಗಿಮನ್ಯಾಗಿನ ಭಾಂಡಿ ಅಲ್ಲಾಡ್ತಾವ, ಮಂದಿ ಅಂಗಳದಾಗ ಮಲಗಲಿಕ್ಕತ್ತಾರ, ಮಕ್ಕಳು ಕೇಳಿದ್ರ ಏನ್ ಹೇಳ್ಲಿರೀ, ಬಕ್ಕಪ್ಪ ಮಾಸ್ತರ ಬಿಡುವನೇ, ನಿಮ್ಮತ್ತಿ ಬೀಸೂಕಲ್ಲಿನ ಸಪ್ಪಳ ಇರಬೇಕು ನೋಡ್ರಿ ಬಾಯಿ, ಎಲ್ಲರೂ ನಕ್ಕರು, ಅವಳೂ ಸೆರಗು ಬಾಯಿಗೆ ಹಿಡಿದು ನಕ್ಕಳು, ಎತ್ತಿದ ಕೈ ಮಾತ್ರ ಇಳಿಯಲಿಲ್ಲ, ನಾನು ಗಡಿಯಾರ ನೋಡಿದೆ, ನಿಲಂಗಾದ ಬಸ್ಸಿಗೆ ಹೊತ್ತಾಗಿತ್ತು, ಟಾಚಣದಾಗ ಏನದ ಅದನ್ನಽ ಹೇಳ್ರಿ ಬಾಯಿ, ಕೈ ಇಳಸ್ರಿ.

ಇಳಿಸಿದಳು, ಹತ್ತು ದಿನವೂ ಆಗಲಿಲ್ಲ, ಗಣಪತಿಯನ್ನು ಕಳಿಸಿ ಮಲಗಿದ ಊರು ಬೆಳಗಿಗೆ ಇರಲಿಲ್ಲ, ನಾನು ಹೋದಾಗ ಅವಳ ಗಂಡ ಮಾಣಿಕಪ್ಪ, ಎತ್ತು ನೋಡಲು ದೇವಣಿಗೆ ಹೋಗಿದ್ದಕ್ಕೆ ಉಳಿದವನು, ಬೇವಿನ ಗಿಡದ ಕೆಳಗೆ ಕೂತಿದ್ದ, ಎದ್ದು ಬಂದು ನನ್ನ ಕಾಲು ಮುಟ್ಟಿದ, ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಬೈಯಲಿಲ್ಲ, ಆಕಿಗಿ ನಿಮ್ಮ ಮಾತಂದ್ರ ದೇವರ ಮಾತು ಸರ್, ಮೀಟಿಂಗ್ ಮುಗಿಸಿ ಬಂದಾಕಿನಽ ಅಂಗಳದಾಗಿನ ಹಾಸಗಿ ಸುತ್ತಿ ಒಳಗ ಒಯ್ದ್ಳಂತ, ನಮ್ಮ ಸರ್ ಬರದಾರ, ಏನೂ ಆಗಂಗಿಲ್ಲ ಅಂದ್ಳಂತ, ಅವ್ವ ಬ್ಯಾಡ ಅಂದ್ರೂ ಎರಡೂ ಕೂಸುಗಳನ್ನ ಒಳಗಽ ಮಲಗಿಸಿದ್ಳಂತ — ಮುದುಕಿ ಹಟ ಹಿಡಿದು ಅಂಗಳದಲ್ಲೇ ಉಳಿದಳು, ಮುದುಕಿಯೊಬ್ಬಳೇ ಉಳಿದಳು, ಅಂದಿನಿಂದ ಪೂಜೆಗೆ ಕೂತು ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡರೆ ಲಿಂಗ ಕಾಣುವುದಿಲ್ಲ, ವಿಭೂತಿಯ ಬೆರಳಲ್ಲಿ ಸುಣ್ಣದ ಪುಡಿ ಕಾಣುತ್ತದೆ, ಕಣ್ಣು ಮುಚ್ಚಿದರೂ ಕಾಣುತ್ತದೆ, ಸರ್, ಎರಡು ಮಾತ ಹೇಳ್ರಿ, ಅಮರನಾಥ, ನನ್ನ ಜಾಗಕ್ಕೆ ಬಂದವನು, ಭುಜ ಮುಟ್ಟಿದ, ಮಕ್ಕಳು ಹೊರಗೆ ಹೋಗಿದ್ದಾರೆ, ಎದ್ದೆ, ಹೇಳಿದೆ, ನಾ ಬರದದ್ದು ತಪ್ಪಿತ್ತು, ಒಬ್ಬಾಕಿ ಬಾಯಿ ಕೇಳಿದ್ಳು, ನಾ ಕೈ ಇಳಸ್ರಿ ಅಂದೆ, ಆಕಿ ಹೋದ್ಳು, ಆಕಿ ಕೂಸುಗಳು ಹೋದ್ವು, ಅಮರನಾಥ ಮೆಲ್ಲಗೆ, ಮನಸ್ಸಿಗಿ ಹಚ್ಕೋಬ್ಯಾಡ್ರಿ ಸರ್, ಆಗ ಪುಸ್ತಕದಾಗೂ ಹಂಗಽ ಇತ್ತಲ್ಲರೀ, ಇತ್ತು, ಆದರೆ ಅವಳು ಪುಸ್ತಕದ ಮುಂದೆ ಕೈ ಎತ್ತಲಿಲ್ಲ, ನನ್ನ ಮುಂದೆ ಎತ್ತಿದಳು, ಏನರ ಕೇಳೂದದೇನು, ಯಾರರ ಕೇಳ್ರಿ, ಬಸ್ಸು ಹೋದ್ರ ಹೋಗಲಿ, ಎಂದೆ, ಯಾರೂ ಕೇಳಲಿಲ್ಲ, ತಲೆ ಬಗ್ಗಿಸಿ ಬರೆಯುತ್ತಿದ್ದಾರೆ, ವೈಷ್ಣವಿ ಕೂಡ, ನನ್ನ ಮಾತನ್ನೇ, ಅಕ್ಷರ ಬಿಡದೆ ವಹಿಗೆ ಇಳಿಸಿಕೊಳ್ಳುತ್ತಿದ್ದಾರೆ, ಕೇಳ್ರಿ, ಅಂದೆ, ಮತ್ತೊಮ್ಮೆ ಕೇಳ್ರಿ, ಅಂದೆ, ಬಗ್ಗಿದ ತಲೆಗಳ ಹಿಂದೆ, ಯಾರೂ ಕೂರದ ಕೊನೆಯ ಬೆಂಚಿನ ಮೇಲೆ ಒಂದು ಕೈ, ಸುಣ್ಣದ ಪುಡಿ, ಎರಡು ಹಸಿರು ಬಳೆ, ಇಳಿಯುವುದಿಲ್ಲ, ಒಂದು ಕೈ —